ಗಣಿಯ ಹಣದಲ್ಲಿ ಹಾರಿದ ವಿಮಾನ

ಪೆಸಿಫಿಕ್ ಸಾಗರದ ನೌರು ದ್ವೀಪದ ವಿಸ್ತೀರ್ಣ ಕೇವಲ 21 ಚದರ ಕಿಲೋಮೀಟರ್. ಫಾಸ್ಫೇಟ್ ಗಣಿಯ ಬಲದಿಂದ ಈ ಪುಟ್ಟ ರಾಷ್ಟ್ರವು 'ಏರ್ ನೌರು' ಸಂಸ್ಥೆಯನ್ನು ಕಟ್ಟಿ, ಒಂದು ಕಾಲಕ್ಕೆ ಹಲವು ಬೋಯಿಂಗ್ ಜೆಟ್‌ಗಳನ್ನು ಹಾರಿಸುತ್ತಿತ್ತು. ಆಸನಗಳು ಖಾಲಿಯಿದ್ದರೂ ನಷ್ಟವನ್ನು ಗಣಿಯೇ ತುಂಬುತ್ತಿತ್ತು. ಬರಿದಾಗುವ ಗಣಿಯಿಂದ ಬಂದ ಹಣದಲ್ಲಿ ಒಂದು ಪಾಲು ಬಂಡವಾಳವೇ ಹೊರತು ಲಾಭವಲ್ಲ. ಅಲ್ಲಿ ಎಲ್ಲವನ್ನೂ ಲಾಭವೆಂದೇ ಬಗೆದು ವೆಚ್ಚ ಮಾಡಲಾಯಿತು. ನಿಕ್ಷೇಪ ಕರಗಿದಂತೆ ವಿಮಾನಗಳೂ ಕಡಿಮೆಯಾದವು. ಉಳಿದಿದ್ದ ಏಕೈಕ ಬೋಯಿಂಗ್ 737 ಅನ್ನು 2005ರ ಡಿಸೆಂಬರ್‌ನಲ್ಲಿ ಸಾಲದ ಬಾಕಿಗಾಗಿ ಅಮೆರಿಕದ ಎಕ್ಸಿಮ್ ಬ್ಯಾಂಕ್ ವಶಪಡಿಸಿಕೊಂಡಿತು. (ನಮ್ಮ ಯಂತ್ರಸಾಲದ ಹೈಪಾಥಿಕೇಶನ್ ಕರಾರನ್ನು ಓದುಗರು ಒಮ್ಮೆ ತೆರೆದು ನೋಡಬಹುದು.) ದ್ವೀಪದ ವಾಯುಸಂಪರ್ಕವೇ ಕಡಿಯಿತು. 2006ರಲ್ಲಿ ತೈವಾನ್ ನೆರವಿನಿಂದ 'ಅವರ್ ಏರ್‌ಲೈನ್' ಎಂಬ ಹೆಸರಿನಲ್ಲಿ ಸೇವೆ ಮರಳಿತು. 2014ರಿಂದ 'ನೌರು ಏರ್‌ಲೈನ್ಸ್' ಎನಿಸಿಕೊಂಡಿರುವ ಸಂಸ್ಥೆಯು ಪ್ರಯಾಣಿಕರ ಜೊತೆಗೆ ಸರಕು ಸಾಗಣೆ, ಬಾಡಿಗೆ ಹಾರಾಟಗಳಿಂದಲೂ ಗಳಿಸುತ್ತಿದೆ.