ಕ್ಷಮೆಯೂ ಕ್ಷಮಾದಾನವೂ: ದಕ್ಷಿಣ ಆಫ್ರಿಕದ ಸಂಧಾನಕಾರ್ಯದಲ್ಲಿ ಧರ್ಮಸಂಸ್ಥೆ ಮತ್ತು ರಾಜ್ಯ

ವಿಮೋಚನೆಯ ಹೋರಾಟವು ಮುಗಿದ ಬಳಿಕ, ಒಡೆದ ಜನರನ್ನು ಕೂಡಿಸುವ ಭಾರವು ರಾಜ್ಯದ ಮೇಲೆ ಬೀಳುವುದು ಸಹಜವು. ದಕ್ಷಿಣ ಆಫ್ರಿಕದಲ್ಲಿಯಾದರೋ ಕ್ರೈಸ್ತ ಧರ್ಮಸಂಸ್ಥೆಗಳೂ ಆ ಭಾರಕ್ಕೆ ಹೆಗಲುಕೊಟ್ಟುವು. ಈ ಸಹಕಾರದ ಸ್ವರೂಪವನ್ನೂ ಮಿತಿಯನ್ನೂ ಇಲ್ಲಿ ಸಂಕ್ಷೇಪವಾಗಿ ವಿವೇಚಿಸಲಾಗುವುದು.

ಈ ಸಂಸ್ಥೆಗಳೆಲ್ಲವೂ ನಿರ್ದೋಷಿಗಳಾಗಿರಲಿಲ್ಲವೆಂಬುದನ್ನು ಮೊದಲು ನೆನೆಯಬೇಕು. 1857ರಲ್ಲಿಯೇ ಡಚ್ ರಿಫಾರ್ಮ್ಡ್ ಚರ್ಚಿನ ಮಹಾಸಭೆಯು ಬಿಳಿಯರಿಗೂ ಇತರರಿಗೂ ಪ್ರತ್ಯೇಕವಾದ ಆರಾಧನೆಗೆ ಸಮ್ಮತಿಯಿತ್ತಿತು. ಮುಂದೆ ಅದರ ಪಂಡಿತರೇ ವರ್ಣಭೇದನೀತಿಗೆ ಬೈಬಲಿನಲ್ಲಿ ಆಧಾರವನ್ನು ಹುಡುಕಿಕೊಟ್ಟರು. ನ್ಯಾಯವಿಲ್ಲದೆ ಸಂಧಾನವಿಲ್ಲವೆಂದು ಇತರ ಕ್ರೈಸ್ತರು 1985ರ ಕೈರೋಸ್ ಪತ್ರದಲ್ಲಿ ಪ್ರತಿವಾದಿಸಿದರು. 1990ರ ನವಂಬರಿನಲ್ಲಿ ರಸ್ಟೆನ್‌ಬರ್ಗಿನಲ್ಲಿ ನೆರೆದ ಚರ್ಚುಗಳ ಸಮ್ಮೇಳನದಲ್ಲಿ ಡಚ್ ರಿಫಾರ್ಮ್ಡ್ ಪಂಡಿತರಾದ ವಿಲ್ಲಿ ಯೋಂಕರರು ತಮ್ಮ ಮತ್ತು ತಮ್ಮವರ ಅಪರಾಧವನ್ನು ಬಹಿರಂಗವಾಗಿ ಒಪ್ಪಿಕೊಂಡರು.

1995ರ 34ನೆಯ ಶಾಸನದಿಂದ ಸತ್ಯ ಮತ್ತು ಸಂಧಾನ ಆಯೋಗವು ಸ್ಥಾಪಿತವಾಯಿತು. ಆಂಗ್ಲಿಕನ್ ಆರ್ಚ್‌ಬಿಷಪ್ ಡೆಸ್ಮಂಡ್ ಟೂಟೂ ಅವರು ಅಧ್ಯಕ್ಷರಾದರು. ಹಿಂದೆ ಮೆಥಡಿಸ್ಟ್ ಪಾದ್ರಿಗಳಾಗಿದ್ದ ಅಲೆಕ್ಸ್ ಬೊರೇನ್ ಅವರು ಉಪಾಧ್ಯಕ್ಷರಾದರು. 1996ರ ಏಪ್ರಿಲಿನಲ್ಲಿ ಈಸ್ಟ್ ಲಂಡನ್ ಪಟ್ಟಣದಲ್ಲಿ ವಿಚಾರಣೆಗಳು ಮೊದಲಾದುವು. ಸುಮಾರು 21,000 ಮಂದಿ ನೊಂದವರ ಹೇಳಿಕೆಗಳು ದಾಖಲಾದುವು. 1997ರ ನವಂಬರಿನಲ್ಲಿ ಧರ್ಮಸಂಸ್ಥೆಗಳನ್ನೇ ಆಯೋಗವು ತನ್ನೆದುರಿಗೆ ಕರೆಯಿಸಿತು. ಹೀಗೆ ಸಹಕಾರಿಯೇ ಉತ್ತರವಾದಿಯೂ ಆದುದು ಗಮನಾರ್ಹವು.

ಆದರೆ ಇಲ್ಲಿ ಒಂದು ತೊಡಕಿದ್ದಿತು. ರಾಜಕೀಯೋದ್ದೇಶದಿಂದ ಮಾಡಿದ ಕೃತ್ಯವನ್ನು ಪೂರ್ಣವಾಗಿ ಬಿಚ್ಚಿ ಹೇಳಿದವನಿಗೆ ಕ್ಷಮಾದಾನವನ್ನು ನೀಡಬಹುದೆಂದು ಶಾಸನವು ವಿಧಿಸಿದ್ದಿತು; ಪಶ್ಚಾತ್ತಾಪವನ್ನು ಅದು ಕೇಳಲಿಲ್ಲ. ಧರ್ಮದ ಕ್ಷಮೆಗಾದರೋ ಪಶ್ಚಾತ್ತಾಪವೇ ಬುಡ. 1977ರಲ್ಲಿ ಪೋಲೀಸರ ವಶದಲ್ಲಿದ್ದಾಗ ಮಡಿದ ಸ್ಟೀವ್ ಬೀಕೋ ಅವರ ಕುಟುಂಬದವರೂ ಮತ್ತಿತರರೂ ಈ ವಿಧಿಯನ್ನು ಪ್ರಶ್ನಿಸಿದರು. 1996ರಲ್ಲಿ ಸಂವಿಧಾನ ನ್ಯಾಯಾಲಯವು ಶಾಸನವನ್ನೇ ಎತ್ತಿಹಿಡಿಯಿತು. 1999ರಲ್ಲಿ ಆ ಪೋಲೀಸರಿಗೆ ಕ್ಷಮಾದಾನವು ನಿರಾಕೃತವಾಯಿತು. ಆದರೂ 2003ರಲ್ಲಿ ಅವರ ಮೇಲೆ ಮೊಕದ್ದಮೆ ಹೂಡದಿರಲು ಸರಕಾರಿ ಅಭಿಯೋಜಕರು ತೀರ್ಮಾನಿಸಿದರು.

ಪರಿಹಾರದ ವಿಷಯದಲ್ಲಿಯೂ ಕೊರತೆಯುಂಟಾಯಿತು. ಆಯೋಗವು ಆರು ವರ್ಷಗಳ ವಾರ್ಷಿಕ ಧನಸಹಾಯವನ್ನು ಸೂಚಿಸಿದ್ದರೂ, 2003ರಲ್ಲಿ ಸರಕಾರವು ಒಮ್ಮೆ ಮಾತ್ರ ತಲಾ 30,000 ರ‍್ಯಾಂಡುಗಳನ್ನು ಗೊತ್ತುಮಾಡಿತು.

ಇದರಿಂದ ತಿಳಿಯತಕ್ಕದ್ದೇನೆಂದರೆ, ದಂಡನೆಯನ್ನು ಬಿಡುವ ಅಧಿಕಾರವು ರಾಜ್ಯಕ್ಕುಂಟು. ಕ್ಷಮಿಸುವ ಅಧಿಕಾರವು ನೊಂದವನಿಗೆ ಮಾತ್ರವುಂಟು. ನೊಂದವನ ಮಾತು ಕೇಳಿಸುವಂತೆ ಮಾಡಿದುದು ಈ ಸಹಕಾರದ ಹಿರಿಮೆ. ಅವನಿಗೆ ಸಲ್ಲತಕ್ಕುದನ್ನು ಸಲ್ಲಿಸುವ ಹೊಣೆಯು ರಾಜ್ಯದ್ದಾಗಿಯೇ ಉಳಿಯಿತು.