ಕಂಪೈಲರ್ ಎರರ್ ತೋರಿಸದಿದ್ದರೆ ಪ್ರೋಗ್ರಾಮ್ ಸರಿಯಿದೆ ಎಂದರ್ಥವೇ?

ಪ್ರೋಗ್ರಾಮಿಂಗ್ ಕಲಿಯುವವರ ನಡುವೆ ಒಂದು ಮಾತು ಆಗಾಗ ಕೇಳಿಬರುತ್ತದೆ: "ಎರರ್ ಬಂದರೆ ಮಾತ್ರ ತಲೆ ಕೆಡಿಸಿಕೊಳ್ಳಿ, ವಾರ್ನಿಂಗ್ ಬಂದರೆ ಪರವಾಗಿಲ್ಲ. ಏನೂ ಬರದಿದ್ದರೆ ನಿಮ್ಮ ಕೋಡ್ ಪಕ್ಕಾ." ಇದು ಎಷ್ಟು ನಿಜ? ಜಾವಾ ಭಾಷೆಯ ಒಂದು ಸಣ್ಣ ಉದಾಹರಣೆ ಇಟ್ಟುಕೊಂಡು ಪರೀಕ್ಷಿಸೋಣ.

ಒಂದೇ ಹೆಸರು, ಎರಡು ಕೆಲಸ

"ಬಸ್ ಹತ್ತು" ಎಂದರೆ ಬಸ್ ಏರು ಎಂದರ್ಥ. "ಹತ್ತು ಬಸ್" ಎಂದರೆ ಬಸ್ಸುಗಳ ಸಂಖ್ಯೆ. ಪದ ಒಂದೇ ಆದರೂ ಅಕ್ಕಪಕ್ಕ ನೋಡಿ ನಾವು ಅರ್ಥ ಮಾಡಿಕೊಳ್ಳುತ್ತೇವೆ. ಜಾವಾದಲ್ಲೂ ಒಂದೇ ಹೆಸರಿನ ಹಲವು ಮೆಥಡ್‌ಗಳು ಇರಬಹುದು. ಇದಕ್ಕೆ ಓವರ್‌ಲೋಡಿಂಗ್ ಎನ್ನುತ್ತಾರೆ. ಯಾವುದನ್ನು ಕರೆಯಬೇಕು ಎಂಬುದನ್ನು ನಾವು ಕೊಟ್ಟ ಮಾಹಿತಿಯ ಟೈಪ್ ನೋಡಿ ಕಂಪೈಲರ್ ತೀರ್ಮಾನಿಸುತ್ತದೆ. ಕಂಪೈಲರ್ ಎಂದರೆ ನಾವು ಬರೆದ ಕೋಡನ್ನು ಯಂತ್ರ ನಡೆಸುವ ರೂಪಕ್ಕೆ ಬದಲಾಯಿಸುವ ಸಾಫ್ಟ್‌ವೇರ್.

ಟೋಕನ್ 2 ತೆಗೆದರೆ ಹೋಗುವುದು ಯಾರದು?

ಒಂದು ಕ್ಲಿನಿಕ್‌ನ ಆ್ಯಪ್‌ನಲ್ಲಿ 1, 2, 3, 4 ಎಂಬ ಟೋಕನ್‌ಗಳ ಪಟ್ಟಿ ಇದೆ ಎಂದುಕೊಳ್ಳಿ. ಟೋಕನ್ 2 ಪಡೆದವರು ವಾಪಸ್ ಹೋದರು. ಪ್ರೋಗ್ರಾಮರ್ ಪಟ್ಟಿಯ ರಿಮೂವ್ ಮೆಥಡ್‌ಗೆ 2 ಎಂಬ ಸಂಖ್ಯೆ ಕೊಡುತ್ತಾರೆ. ಅಳಿಸಿಹೋಗುವುದು ಟೋಕನ್ 3!

ಕಾರಣ ಹೀಗಿದೆ. ಜಾವಾದ ಪಟ್ಟಿಗೆ ಎರಡು ರಿಮೂವ್‌ಗಳಿವೆ. ಒಂದು, ಹೇಳಿದ ಸ್ಥಾನದಲ್ಲಿರುವುದನ್ನು ತೆಗೆಯುತ್ತದೆ. ಇನ್ನೊಂದು, ಹೇಳಿದ ವಸ್ತುವನ್ನೇ ಹುಡುಕಿ ತೆಗೆಯುತ್ತದೆ. ಬರೀ ಸಂಖ್ಯೆ, ಅಂದರೆ ಇಂಟ್ ಕೊಟ್ಟರೆ ಕಂಪೈಲರ್ ಮೊದಲನೆಯದನ್ನು ಆರಿಸುತ್ತದೆ. ಸ್ಥಾನಗಳ ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ 2ನೇ ಸ್ಥಾನದಲ್ಲಿ ಇರುವುದು ಟೋಕನ್ 3. ಅದೇ ಸಂಖ್ಯೆಯನ್ನು ಇಂಟಿಜರ್ ಎಂಬ ವಸ್ತುವಾಗಿ ಕೊಟ್ಟರೆ ಟೋಕನ್ 2 ಸರಿಯಾಗಿ ಹೋಗುತ್ತದೆ.

ಈ ಎರಡೂ ಮೆಥಡ್‌ಗಳು 1998ರ ಜಾವಾ 1.2ರಿಂದಲೇ ಇವೆ. 2004ರಲ್ಲಿ ಬಂದ ಜಾವಾ 5, ಸಂಖ್ಯೆಯನ್ನು ತಾನಾಗಿಯೇ ಇಂಟಿಜರ್ ಆಗಿ ಬದಲಿಸುವ ಸೌಲಭ್ಯ ಕೊಟ್ಟಿತು. ಪಟ್ಟಿಗೆ ಸಂಖ್ಯೆ ಸೇರಿಸುವಾಗ ಈ ಬದಲಾವಣೆ ತಾನಾಗಿಯೇ ಆಗುವುದರಿಂದ, ತೆಗೆಯುವಾಗಲೂ ಹಾಗೇ ಆಗುತ್ತದೆ ಎಂದು ನಾವು ನಂಬಿಬಿಡುತ್ತೇವೆ. ಎಡವುವುದು ಅಲ್ಲೇ.

ಕಂಪೈಲರ್ ಎಚ್ಚರಿಸುವುದಿಲ್ಲವೇ?

ಗೊಂದಲ ಎದುರಾದಾಗ ಕಂಪೈಲರ್ ಮೂರು ರೀತಿ ನಡೆದುಕೊಳ್ಳಬಹುದು.

ಒಂದು, ಎರರ್. ಪ್ರಿಂಟ್‌ಎಲ್‌ಎನ್ ಮೆಥಡ್‌ಗೆ ಬರೀ ನಲ್ ಕೊಟ್ಟು ನೋಡಿ. ಅದು ಸ್ಟ್ರಿಂಗ್‌ಗೂ ಹೊಂದುತ್ತದೆ, ಅಕ್ಷರಗಳ ಅರೇಗೂ ಹೊಂದುತ್ತದೆ. ಯಾವುದನ್ನು ಕರೆಯಬೇಕೋ ತಿಳಿಯದೆ ಕಂಪೈಲರ್ ಅಲ್ಲೇ ನಿಲ್ಲುತ್ತದೆ.

ಎರಡು, ವಾರ್ನಿಂಗ್. ಲ್ಯಾಂಬ್ಡಾಗಳನ್ನು ತೆಗೆದುಕೊಳ್ಳುವ ಒಂದೇ ಹೆಸರಿನ ಮೆಥಡ್‌ಗಳಲ್ಲಿ ಗೊಂದಲದ ಸಾಧ್ಯತೆ ಇದ್ದರೆ ಜಾವಾ ಕಂಪೈಲರ್ ಎಚ್ಚರಿಸಬಲ್ಲದು. ಆದರೆ ಎಕ್ಸ್‌ಲಿಂಟ್ ಎಂಬ ಆಯ್ಕೆಯನ್ನು ನಾವೇ ಆನ್ ಮಾಡಿರಬೇಕು.

ಮೂರು, ಮೌನ. ನಮ್ಮ ಟೋಕನ್ ಕೋಡ್ ಈ ಗುಂಪಿನದು. ಎಕ್ಸ್‌ಲಿಂಟ್‌ನ ಎಲ್ಲ ಎಚ್ಚರಿಕೆಗಳನ್ನು ಆನ್ ಮಾಡಿದರೂ ಇದಕ್ಕೆ ವಾರ್ನಿಂಗ್ ಬರುವುದಿಲ್ಲ. ಏಕೆಂದರೆ ಭಾಷೆಯ ನಿಯಮದ ಪ್ರಕಾರ ಇಲ್ಲಿ ಗೊಂದಲವೇ ಇಲ್ಲ. ಗೊಂದಲ ಇರುವುದು ಬರೆದವರ ಮನಸ್ಸಿನಲ್ಲಿ.

ವಾರ್ನಿಂಗ್‌ಗಳನ್ನೂ ಪರೀಕ್ಷಿಸುತ್ತಾರೆ

ಜಾವಾ ರೂಪಿಸುವ ಓಪನ್‌ಜೆಡಿಕೆ ಯೋಜನೆಯಲ್ಲಿ ಇದಕ್ಕಾಗಿಯೇ ಪುಟ್ಟ ಪುಟ್ಟ ಪ್ರೋಗ್ರಾಮ್‌ಗಳಿವೆ. ಯಾವ ಸಾಲಿಗೆ ಯಾವ ಎಚ್ಚರಿಕೆ ಬರಬೇಕು ಎಂದು ಮೊದಲೇ ಒಂದು ಫೈಲ್‌ನಲ್ಲಿ ಬರೆದಿಟ್ಟು, ಕಂಪೈಲರ್ ಕೊಟ್ಟ ಉತ್ತರದೊಂದಿಗೆ ಹೋಲಿಸುತ್ತಾರೆ. ಬರಬೇಕಾದ ಕಡೆ ಎಚ್ಚರಿಕೆ ಬರದಿದ್ದರೂ ತಪ್ಪು, ಬೇಡದ ಕಡೆ ಬಂದರೂ ತಪ್ಪು. ಸುಮ್ಮಸುಮ್ಮನೆ ಎಚ್ಚರಿಕೆ ಬರುತ್ತಿದ್ದರೆ ಜನ ಓದುವುದನ್ನೇ ಬಿಡುತ್ತಾರೆ, ಆಗ ನಿಜವಾದ ಎಚ್ಚರಿಕೆಯೂ ಕಣ್ತಪ್ಪುತ್ತದೆ.

ಹಾಗಾದರೆ ಏನು ಮಾಡಬೇಕು?

• ಎಕ್ಸ್‌ಲಿಂಟ್ ಆನ್ ಮಾಡಿ, ಬಂದ ವಾರ್ನಿಂಗ್‌ಗಳನ್ನು ಓದಿ. ವಾರ್ನಿಂಗ್ ಬಂದರೆ ಕಂಪೈಲ್ ನಿಲ್ಲಿಸುವ ಆಯ್ಕೆಯೂ ಜಾವಾದಲ್ಲಿದೆ.

• ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆ ಹೆಸರು ಇಡಿ. ಕೋಟ್ಲಿನ್ ಭಾಷೆಯಲ್ಲಿ ಸ್ಥಾನ ಹೇಳಿ ತೆಗೆಯುವ ಮೆಥಡ್‌ಗೆ ರಿಮೂವ್‌ಆ್ಯಟ್ ಎಂಬ ಪ್ರತ್ಯೇಕ ಹೆಸರೇ ಇದೆ.

• ಫಲಿತಾಂಶವನ್ನು ಪರೀಕ್ಷಿಸಿ. "ಟೋಕನ್ 2 ತೆಗೆದ ಮೇಲೆ 1, 3, 4 ಉಳಿದಿವೆಯೇ?" ಎಂದು ಕೇಳುವ ಒಂದೇ ಒಂದು ಟೆಸ್ಟ್ ಈ ತಪ್ಪನ್ನು ಹಿಡಿಯುತ್ತಿತ್ತು.

ಆದ್ದರಿಂದ "ಏನೂ ಬರದಿದ್ದರೆ ಕೋಡ್ ಪಕ್ಕಾ" ಎಂಬ ಮಾತು ತಪ್ಪು. ನಾವು ಬರೆದದ್ದು ಭಾಷೆಯ ನಿಯಮಕ್ಕೆ ಹೊಂದುತ್ತದೆಯೇ ಎಂದು ಮಾತ್ರ ಕಂಪೈಲರ್ ಹೇಳುತ್ತದೆ. ನಮಗೆ ಬೇಕಾದ್ದನ್ನೇ ಬರೆದಿದ್ದೇವೆಯೇ ಎಂದು ನೋಡಬೇಕಾದವರು ನಾವೇ. ಇಲ್ಲದಿದ್ದರೆ ಟೋಕನ್ 3 ಹಿಡಿದು ಕಾಯುತ್ತಿರುವವರ ಹೆಸರನ್ನು ಯಾರೂ ಕರೆಯುವುದಿಲ್ಲ.