ಚೋಕ್: ಕೊಳವೆ ದೀಪದ ಕಡಿವಾಣ

ಮಾತು ತಡವಾಗಿ ಅರ್ಥವಾಗುವವರನ್ನು ‘ಟ್ಯೂಬ್‌ಲೈಟ್’ ಎಂದು ಛೇಡಿಸುವುದು ನಮ್ಮಲ್ಲಿ ರೂಢಿ. ಸ್ವಿಚ್ ಹಾಕಿದ ಮೇಲೆ ಎರಡು ಮೂರು ಬಾರಿ ಮಿನುಗಿ, ಅನಂತರ ಬೆಳಗುವ ದೀಪವೇ ಈ ಹೋಲಿಕೆಗೆ ಮೂಲ. ಆ ವಿಳಂಬಕ್ಕೆ ಕಾರಣವಾದ ಸ್ಟಾರ್ಟರ್ ಹಾಗೂ ಚೋಕ್‌ಗಳ ಕೆಲಸವೇನೆಂಬುದನ್ನು, ಹಳೆಯ ಫಿಟ್ಟಿಂಗ್‌ಗೆ ಎಲ್‌ಇಡಿ ಕೊಳವೆ ಜೋಡಿಸುವ ಮುನ್ನ ಅರಿತಿರುವುದು ಒಳಿತು.

ಕಡಿವಾಣ ಏಕೆ?

ಕೊಳವೆಯೊಳಗೆ ಆರ್ಗಾನ್‌ನಂತಹ ಜಡಾನಿಲ ಹಾಗೂ ಅತ್ಯಲ್ಪ ಪಾದರಸದ ಆವಿ ಇರುತ್ತವೆ. ವಿದ್ಯುತ್ ಹರಿದಾಗ ಪಾದರಸದ ಆವಿ ಅತಿನೇರಳೆ ಕಿರಣಗಳನ್ನು ಸೂಸುತ್ತದೆ. ಗಾಜಿನ ಒಳಮೈಗೆ ಬಳಿದ ಪುಡಿ ಅವುಗಳನ್ನು ಬೆಳಕಾಗಿ ಪರಿವರ್ತಿಸುತ್ತದೆ. ಆದರೆ ಅನಿಲದ ಸ್ವಭಾವ ತಂತಿಗಿಂತ ಭಿನ್ನ. ಪ್ರವಾಹ ಏರಿದಂತೆ ಅದರ ಪ್ರತಿರೋಧ ಕುಸಿಯುತ್ತದೆ. ಪ್ರತಿರೋಧ ಕುಸಿದಂತೆ ಪ್ರವಾಹ ಮತ್ತಷ್ಟು ಏರುತ್ತದೆ. ತಡೆಯಿಲ್ಲದಿದ್ದರೆ ಕ್ಷಣಾರ್ಧದಲ್ಲಿ ಕೊಳವೆ ಹಾಳಾಗುತ್ತದೆ ಅಥವಾ ಫ್ಯೂಸ್ ಹೋಗುತ್ತದೆ. ಈ ಪ್ರವಾಹಕ್ಕೆ ಮಿತಿ ಹಾಕುವುದೇ ಚೋಕ್‌ನ ಮುಖ್ಯ ಕರ್ತವ್ಯ.

ದೀಪ ಹೊತ್ತುವ ಬಗೆ

ಹಳೆಯ ಚೋಕ್ ಎಂದರೆ ಕಬ್ಬಿಣದ ತೆಳು ಹಾಳೆಗಳ ತಿರುಳಿನ ಮೇಲೆ ಸುತ್ತಿದ ತಾಮ್ರದ ತಂತಿ. ಸ್ವಿಚ್ ಹಾಕಿದೊಡನೆ ಸ್ಟಾರ್ಟರ್‌ನಲ್ಲಿರುವ ದ್ವಿಲೋಹದ ತಗಡು ಬಿಸಿಯಾಗಿ ಬಾಗಿ, ವಿದ್ಯುತ್ ಮಂಡಲವನ್ನು ಕೂಡಿಸುತ್ತದೆ. ಕೊಳವೆಯ ಎರಡೂ ತುದಿಗಳ ಫಿಲಮೆಂಟ್‌ಗಳು ಕಾಯುತ್ತವೆ. ತಗಡು ತಣಿದು ಬೇರ್ಪಟ್ಟಾಗ ಪ್ರವಾಹ ಹಠಾತ್ತನೆ ಕಡಿದು, ಚೋಕ್‌ನಲ್ಲಿ ನೂರಾರು ವೋಲ್ಟ್‌ಗಳ ಆಘಾತ ಹುಟ್ಟುತ್ತದೆ. ದೀಪ ಹೊತ್ತುವುದು ಅದರಿಂದಲೇ. ಬಳಿಕ ಸ್ಟಾರ್ಟರ್‌ಗೆ ಕೆಲಸವಿಲ್ಲ. ಚೋಕ್ ಮಾತ್ರ ದೀಪ ಉರಿಯುವಷ್ಟು ಹೊತ್ತೂ ಕಾವಲಿರಬೇಕು.

ಈ ಕಾವಲಿಗೆ ಬೆಲೆಯೂ ಉಂಟು. 40 ವ್ಯಾಟ್ ದೀಪದ ಹಳೆಯ ಚೋಕ್ ಸುಮಾರು 10 ವ್ಯಾಟ್ ವಿದ್ಯುತ್ತನ್ನು ಶಾಖವಾಗಿ ಕಳೆಯುತ್ತದೆ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಬೆಳಕು ಸೆಕೆಂಡಿಗೆ 100 ಬಾರಿ ಏರಿಳಿಯುತ್ತದೆ. 20,000 ಹರ್ಟ್ಸ್‌ಗೂ ಮಿಗಿಲಾದ ಆವರ್ತದಲ್ಲಿ ದುಡಿಯುವ ಎಲೆಕ್ಟ್ರಾನಿಕ್ ಚೋಕ್‌ನಲ್ಲಿ ನಷ್ಟ ಕಡಿಮೆ. ಗುಂಯ್ ಎಂಬ ಸದ್ದಿಲ್ಲ, ಸ್ಟಾರ್ಟರ್ ಬೇಕಿಲ್ಲ.

ಎಲ್‌ಇಡಿಗೆ ಬದಲಿಸುವಾಗ

ಪಾದರಸ ಕುರಿತ ಮಿನಮಾಟ ಒಪ್ಪಂದದ ರಾಷ್ಟ್ರಗಳು ಸಾಮಾನ್ಯ ಬಳಕೆಯ ಇಂತಹ ಕೊಳವೆಗಳ ತಯಾರಿಕೆ, ಆಮದು, ರಫ್ತುಗಳನ್ನು 2027ರ ಅಂತ್ಯದೊಳಗೆ ನಿಲ್ಲಿಸಲು 2023ರಲ್ಲಿ ನಿರ್ಧರಿಸಿವೆ. ಹೀಗಾಗಿ ಬದಲಾವಣೆ ಅನಿವಾರ್ಯ. ಆದರೆ ಎಲ್ಲ ಎಲ್‌ಇಡಿ ಕೊಳವೆಗಳೂ ಒಂದೇ ಬಗೆಯವಲ್ಲ. ಕೆಲವು ಹಳೆಯ ಚೋಕ್‌ನೊಂದಿಗೇ ಉರಿಯುತ್ತವೆ. ಅವುಗಳ ಜೊತೆ ಬರುವ ವಿಶೇಷ ಸ್ಟಾರ್ಟರನ್ನು ಹಳೆಯದರ ಜಾಗದಲ್ಲಿ ಹಾಕಬೇಕು. ಇನ್ನು ಕೆಲವಕ್ಕೆ ಚೋಕ್, ಸ್ಟಾರ್ಟರ್ ಎರಡನ್ನೂ ತೆಗೆದು ನೇರ ಸಂಪರ್ಕ ಕೊಡಬೇಕು.

ನಿಜವಾದ ಅಪಾಯವಿರುವುದು ಇಲ್ಲಿ. ಚೋಕ್ ತೆಗೆದು, ಒಂದೇ ತುದಿಗೆ ವಿದ್ಯುತ್ ಕೊಟ್ಟ ಫಿಟ್ಟಿಂಗ್‌ಗೆ ಮುಂದೊಂದು ದಿನ ಯಾರಾದರೂ ಹಳೆಯ ಕೊಳವೆಯನ್ನೇ ಸಿಕ್ಕಿಸಿದರೆ, ಫಿಲಮೆಂಟ್‌ಗೆ ನೇರವಾಗಿ 230 ವೋಲ್ಟ್ ತಗುಲಿ ಅದು ಸುಟ್ಟುಹೋಗುತ್ತದೆ. ಆದ್ದರಿಂದ ಮೇನ್ ಸ್ವಿಚ್ ಆರಿಸಿ, ಪರಿಣತ ಎಲೆಕ್ಟ್ರಿಷಿಯನ್‌ನಿಂದಲೇ ಈ ಕೆಲಸ ಮಾಡಿಸಬೇಕು. ‘ಚೋಕ್ ಇಲ್ಲ, ಎಲ್‌ಇಡಿ ಮಾತ್ರ’ ಎಂಬ ಚೀಟಿಯನ್ನು ಫಿಟ್ಟಿಂಗ್ ಮೇಲೆ ಅಂಟಿಸುವುದನ್ನು ಮರೆಯಬಾರದು. ತೆಗೆದ ಕೊಳವೆಯಲ್ಲಿ ಪಾದರಸವಿರುವುದರಿಂದ ಅದನ್ನು ಒಡೆಯದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಬೇಕು.